ಶಾಸನವೂ ಅಂತಃಸಾಕ್ಷಿಯೂ

ಜನಗಳ ನಡುವೆ ಶಾಂತಿಯು ಎರಡು ವಿಧವಾಗಿ ನೆಲೆಗೊಳ್ಳುವುದುಂಟು. ದಂಡಕ್ಕೆ ಅಂಜಿ ಕೈಯನ್ನು ತಡೆದುಕೊಂಡಿರುವುದು ಒಂದು. ಪರರನ್ನು ನೋಯಿಸುವುದು ತನ್ನ ಧರ್ಮಕ್ಕೇ ಹಾನಿಯೆಂದು ಬಗೆದು ಕೈಯನ್ನು ಹಿಂದೆಗೆಯುವುದು ಮತ್ತೊಂದು. ಮೊದಲನೆಯದು ದಂಡಧರನಿರುವವರೆಗೆ ಮಾತ್ರ ಬಾಳುವುದು. ಎರಡನೆಯದಕ್ಕೆ ಅಂತಃಸಾಕ್ಷಿಯೇ ಕಾವಲು. ಮನುಸ್ಮೃತಿಯು ವೇದ, ಸ್ಮೃತಿ, ಸದಾಚಾರಗಳೊಡನೆ ಆತ್ಮತುಷ್ಟಿಯನ್ನೂ ಧರ್ಮಕ್ಕೆ ಪ್ರಮಾಣವಾಗಿ ಎಣಿಸಿರುವುದನ್ನು ವಾಚಕರು ಬಲ್ಲರು. ಈ ತತ್ತ್ವವು ಗ್ರಂಥಗಳಲ್ಲಿ ಮಾತ್ರ ನಿಲ್ಲದೆ ಲೋಕವ್ಯವಹಾರದಲ್ಲಿಯೂ ಇಳಿದು ಬಂದಿತ್ತೆಂಬುದಕ್ಕೆ ಹಾಸನದ ಸೀಮೆಯಲ್ಲಿಯೇ ಎರಡು ಶಿಲಾಶಾಸನಗಳು ಸಾಕ್ಷಿಯಾಗಿವೆ.

ಮೊದಲನೆಯದು ಕಟ್ಟಾಯದವರಿಗೆ ನೆರೆಯ ತಾಲ್ಲೂಕಾದ ಚನ್ನರಾಯಪಟ್ಟಣದ ಶ್ರವಣಬೆಳಗೊಳದಲ್ಲಿದೆ. ಹೊಯ್ಸಳ ಒಂದನೆಯ ನರಸಿಂಹನ ಭಂಡಾರಿಯಾಗಿದ್ದ ಹುಳ್ಳನು 1159ರಲ್ಲಿ ಕಟ್ಟಿಸಿದ ಭಂಡಾರಿ ಬಸದಿಯಲ್ಲಿ ಶಕ ವರ್ಷ 1290, ಎಂದರೆ ಕ್ರಿ. ಶ. 1368, ಕೀಲಕ ಸಂವತ್ಸರದ ಶಾಸನವೊಂದುಂಟು. ಆನೆಗೊಂದಿ, ಹೊಸಪಟ್ಟಣ, ಪೆನುಗೊಂಡೆ, ಕಲ್ಲೆಹ ಮೊದಲಾದ ನಾಡುಗಳ ಜೈನರು, ಶ್ರೀವೈಷ್ಣವರಿಂದ ತಮಗಾಗುತ್ತಿದ್ದ ಅನ್ಯಾಯವನ್ನು ವಿಜಯನಗರದ ಬುಕ್ಕರಾಯನಿಗೆ ಬಿನ್ನವಿಸಿಕೊಂಡರು. ರಾಯನು ತಪ್ಪಿತಸ್ಥರನ್ನು ಸೆರೆಗೆ ಹಾಕಿಸಿದನೆಂದಾಗಲಿ, ತಪ್ಪುದಂಡ ಹೊರಿಸಿದನೆಂದಾಗಲಿ ಶಾಸನವು ಹೇಳುವುದಿಲ್ಲ. ಶ್ರೀರಂಗ, ತಿರುಪತಿ, ಕಂಚಿ, ಮೇಲುಕೋಟೆಗಳ ಆಚಾರ್ಯರನ್ನೂ ಹದಿನೆಂಟು ನಾಡಿನ ಶ್ರೀವೈಷ್ಣವರನ್ನೂ ಮುಂದಿಟ್ಟುಕೊಂಡು, ಜೈನರ ಕೈಯನ್ನು ಹಿಡಿದು ಶ್ರೀವೈಷ್ಣವರ ಕೈಯಲ್ಲಿರಿಸಿದನು. ಎರಡು ದರ್ಶನಗಳಿಗೂ ಭೇದವಿಲ್ಲವೆಂದು ಸಾರಿ, ಪಂಚಮಹಾವಾದ್ಯ ಮತ್ತು ಕಲಶಗಳಿಗೆ ಜೈನರು ಪೂರ್ವದಂತೆಯೇ ಅರ್ಹರೆಂದು ವಿಧಿಸಿದನು. ಜೈನದರ್ಶನಕ್ಕೆ ಒದಗುವ ಹಾನಿವೃದ್ಧಿಗಳನ್ನು ವೈಷ್ಣವರು ತಮ್ಮವೆಂದೇ ಭಾವಿಸತಕ್ಕದ್ದೆಂಬುದು ಈ ಕಟ್ಟಳೆಯ ಜೀವಾಳ.

ಇಲ್ಲಿ ಗಮನಿಸಬೇಕಾದ ವಿಶೇಷವೊಂದುಂಟು. ನೋಯಿಸುವ ಶಕ್ತಿ ಯಾರಿಗಿತ್ತೋ ಅವರಿಗೇ ರಕ್ಷಣೆಯ ಭಾರವನ್ನು ಒಪ್ಪಿಸಲಾಯಿತು. ಬೆಳಗೊಳದ ದೇವರ ಅಂಗರಕ್ಷಣೆಗೆ ಇಪ್ಪತ್ತು ಮಂದಿ ಆಳುಗಳನ್ನು ನೇಮಿಸುವ ಕೆಲಸವು ತಿರುಮಲೆಯ ತಾತಯ್ಯನದಾಯಿತು. ಮಿಕ್ಕ ಹಣದಿಂದ ಜೀರ್ಣವಾದ ಜಿನಾಲಯಗಳಿಗೆ ಸುಣ್ಣ ಹೊಡೆಯಿಸುವುದೂ ಅವನ ಹೊಣೆಯೇ. ಒಪ್ಪಂದಕ್ಕೆ ಕಟ್ಟುಬಿದ್ದವರು ಆಚಾರ್ಯರು ಮಾತ್ರವಲ್ಲ; ತಿರುಕುಲ, ಜಾಂಬವಕುಲದವರ ಹೆಸರುಗಳೂ ಶಾಸನದಲ್ಲಿ ಸೇರಿವೆ. ಮಾತಿಗೆ ತಪ್ಪಿದವನು ರಾಜದ್ರೋಹಿ ಮಾತ್ರವಲ್ಲದೆ ತನ್ನ ಸಂಘಸಮುದಾಯಗಳಿಗೂ ದ್ರೋಹಿಯೆನಿಸುವನು. ಹೀಗೆ ಅರಸನ ಕಣ್ಣು ತಲುಪದೆಡೆಯಲ್ಲಿ ತನ್ನವರ ಮುಂದೆ ತಲೆತಗ್ಗಿಸಬೇಕಾದೀತೆಂಬ ಲಜ್ಜೆಯು ಕಾವಲಿಗೆ ನಿಂತಿತು.

ಎರಡನೆಯದು ಹಳೇಬೀಡಿನ 1638ರ ಶಾಸನ. ಹುಚ್ಚಪ್ಪದೇವನೆಂಬವನು ವಿಜಯಪಾರ್ಶ್ವನಾಥ ಬಸದಿಯ ಕಂಬಗಳ ಮೇಲೆ ಲಿಂಗಮುದ್ರೆಯನ್ನೊತ್ತಿಸಿದನು. ವಿಜಯಪ್ಪನೆಂಬ ಜೈನನು ಅದನ್ನು ಅಳಿಸಿಹಾಕಿದನು. ಇಷ್ಟರಿಂದಲೇ ರಕ್ತಪಾತವಾಗಬಹುದಾಗಿತ್ತು. ಪದ್ಮಣ್ಣಸೆಟ್ಟಿ ಮೊದಲಾದ ಜೈನವರ್ತಕರು ಮೊರೆಯಿಡಲು, ವೀರಶೈವ ಮಹಾಮಹತ್ತಿನವರು ಕೂಡಿ, ಮೊದಲು ಶೈವಮರ್ಯಾದೆಯನ್ನು ಸಲ್ಲಿಸಿ, ಬಳಿಕ ಜೈನರು ಪೂರ್ವಪದ್ಧತಿಯಂತೆ ತಮ್ಮ ದೇವರ ಪೂಜೆಯನ್ನು ಆಚಂದ್ರಾರ್ಕವಾಗಿ ನಡೆಸಿಕೊಳ್ಳಬಹುದೆಂದು ತೀರ್ಮಾನಿಸಿದರು. ಜೈನಧರ್ಮಕ್ಕೆ ಅಡ್ಡಿಮಾಡುವ ವೀರಶೈವನು ಶಿವನಿಗೂ ಜಂಗಮನಿಗೂ ವಿಭೂತಿರುದ್ರಾಕ್ಷಗಳಿಗೂ ದ್ರೋಹಿಯೆಂದು ಅವರೇ ಬರೆಯಿಸಿದರು. ಪರಮತದ ರಕ್ಷಣೆಗೆ ಸ್ವಮತದ ಆಣೆಯನ್ನೇ ಇಟ್ಟ ಮೇಲೆ, ಬಸದಿಗೆ ಕೈಯೆತ್ತುವವನು ಮೊದಲು ತನ್ನ ಕೊರಳ ಲಿಂಗಕ್ಕೆ ಉತ್ತರ ಹೇಳಬೇಕಾಯಿತು.

ಇವು ಸಮಬಲರ ಒಪ್ಪಂದಗಳಲ್ಲವೆಂಬುದನ್ನೂ ಮರೆಮಾಡಲಾಗದು. ಬೆಳಗೊಳದ ಕಾವಲಿಗೆ ವರ್ಷಕ್ಕೆ ಮನೆಯೊಂದಕ್ಕೆ ಒಂದು ಹಣದಂತೆ ತೆತ್ತವರು ಜೈನರೇ; ಹಳೇಬೀಡಿನಲ್ಲಿ ಮೊದಲ ಮರ್ಯಾದೆ ಸಂದದ್ದು ಪ್ರಬಲರಿಗೇ. ನೊಂದವರೇ ಬೆಲೆಯನ್ನೂ ಕೊಡಬೇಕಾದದ್ದು ಈ ಶಾಂತಿಯ ಊನ. ಆದರೂ ಕೇವಲ ರಾಜಾಜ್ಞೆಯಿಂದ ನಿಂತ ಶಾಂತಿಯೊಡನೆ ಹೋಲಿಸಿದರೆ ಇದರ ಹೆಚ್ಚಳವು ತೋರುವುದು. ಫ್ರಾನ್ಸಿನ ನಾಲ್ಕನೆಯ ಹೆನ್ರಿಯು 1598ರಲ್ಲಿ ನಾಂಟ್ ನಗರದ ಶಾಸನದಿಂದ ಪ್ರಾಟೆಸ್ಟೆಂಟರಿಗೆ ಆರಾಧನೆಯ ಹಕ್ಕನ್ನು ಕೊಟ್ಟನು. ಅವನ ಮೊಮ್ಮಗ ಹದಿನಾಲ್ಕನೆಯ ಲೂಯಿಯು 1685ರಲ್ಲಿ ಅದನ್ನು ರದ್ದುಪಡಿಸಿದನು. ಅರಸನು ಕೊಟ್ಟುದನ್ನು ಅರಸನೇ ಕಿತ್ತುಕೊಂಡನು. ಸಹಸ್ರಾರು ಜನರು ದೇಶವನ್ನೇ ಬಿಟ್ಟು ಹೋಗಬೇಕಾಯಿತು.

ಬೆಳಗೊಳದ ಶಾಸನದ ಕಡೆಯ ಭಾಗವು ಇನ್ನೊಂದು ಸಂಗತಿಯನ್ನು ತಿಳಿಸುತ್ತದೆ. ಕಲ್ಲೆಹದ ಹರ್ವಿಸೆಟ್ಟಿಯ ಮಗ ಬುಸುವಿಸೆಟ್ಟಿಯು ಬುಕ್ಕರಾಯನಿಗೆ ಬಿನ್ನಹಮಾಡಿ, ತಿರುಮಲೆಯ ತಾತಯ್ಯನನ್ನು ಬರಮಾಡಿಕೊಂಡು, ಕಟ್ಟಳೆಯನ್ನು ಜೀರ್ಣೋದ್ಧಾರ ಮಾಡಿಸಿದನು. ಒಮ್ಮೆ ಕೈಗೆ ಕೈ ಕೂಡಿಸಿದ ಮಾತ್ರಕ್ಕೆ ಕೆಲಸವು ಮುಗಿಯಲಿಲ್ಲವೆಂಬುದು ಇದರಿಂದ ವ್ಯಕ್ತವಾಗುವುದು. ಗುಡಿಗೆ ಹೇಗೋ ಹಾಗೆಯೇ ಕೊಟ್ಟ ಮಾತಿಗೂ ಜೀರ್ಣೋದ್ಧಾರವು ಅವಶ್ಯಕ. ಅದನ್ನು ಮಾಡುವವರು ಪ್ರತಿ ತಲೆಮಾರಿನಲ್ಲಿಯೂ ಹುಟ್ಟಬೇಕು. ಬುಸುವಿಸೆಟ್ಟಿಗೆ ಸಂಘನಾಯಕನೆಂಬ ಪಟ್ಟವನ್ನು ಕಟ್ಟಿದವರು ಒಂದು ಪಕ್ಷದವರಲ್ಲ, ಎರಡು ಸಂಘದವರೂ ಕೂಡಿ ಕಟ್ಟಿದರು.