ಕಲ್ಲಚ್ಚಿನ ಬಂದರು, ಕಾಗದದ ಗಡಿ

ಕಡಲಿಲ್ಲದ ತಾಂಡೂರಿನವನಾದ ನನಗೆ ಬಂದರಿನ ಹಳೆಯ ಚಿತ್ರಗಳಲ್ಲಿ ಆಸಕ್ತಿ ಹುಟ್ಟಿದ್ದು ಕಲ್ಲಿನಿಂದ. ನಮ್ಮ ಹಾಸುಗಲ್ಲೂ ಸುಣ್ಣಕಲ್ಲೇ, ಕಲ್ಲಚ್ಚಿನ ಕಲ್ಲೂ ಸುಣ್ಣಕಲ್ಲೇ. ನುಣುಪು ಮಾಡಿದ ಕಲ್ಲಿನ ಮೇಲೆ ಜಿಡ್ಡಿನ ಕಡ್ಡಿಯಿಂದ ಬರೆದು, ನೀರು ಸವರಿ ಮಸಿ ಹಚ್ಚಿದರೆ ಜಿಡ್ಡಿದ್ದಲ್ಲಷ್ಟೇ ಮಸಿ ಹಿಡಿಯುತ್ತದೆ. 1843ರ ‘ಮಂಗಳೂರ ಸಮಾಚಾರ’ ಅಚ್ಚಾದದ್ದೂ ಹೀಗೆಯೇ.

ಕಟ್ಟುತ್ತಿರುವ ಬಂದರಿನ ಕಲ್ಲಚ್ಚು ಚಿತ್ರದಲ್ಲಿ ಅರ್ಧ ಎದ್ದ ಗೋಡೆ, ಕೂಲಿಗಳು, ದೂರದ ಹಡಗು ಕಾಣುತ್ತವೆ. ಆ ಬಂದರಿಗಾಗಿ ಒಳನಾಡಿನಲ್ಲಿ ಏನೇನು ಬದಲಾಯಿತೆಂಬುದು ಕಾಣುವುದಿಲ್ಲ. ಕಾರವಾರವನ್ನೇ ನೋಡಿ.

1861ರಲ್ಲಿ ಅಮೆರಿಕದ ಅಂತರ್ಯುದ್ಧ ಆರಂಭವಾಗಿ ಇಂಗ್ಲೆಂಡಿನ ಗಿರಣಿಗಳಿಗೆ ಹತ್ತಿಯ ಅಭಾವವಾಯಿತು. ಮ್ಯಾಂಚೆಸ್ಟರಿನವರ ಕಣ್ಣು ಧಾರವಾಡದ ಹತ್ತಿಯ ಮೇಲೆ ಬಿತ್ತು. ಅದನ್ನು ಸಾಗಿಸಲು ಹತ್ತಿರದ ಬಂದರು ಕಾರವಾರ. ಆದರೆ ಧಾರವಾಡ ಮುಂಬಯಿ ಪ್ರಾಂತ್ಯದಲ್ಲಿ, ಕಾರವಾರ ಮದರಾಸಿನಲ್ಲಿ! ಹೊಲ, ಘಟ್ಟದ ರಸ್ತೆ, ಬಂದರು ಒಂದೇ ಸರಕಾರದ ಕೈಯಲ್ಲಿರಲೆಂದು 1862ರಲ್ಲಿ ಉತ್ತರ ಕನ್ನಡವನ್ನು ಮುಂಬಯಿಗೆ ಸೇರಿಸಿದರು. ಹಿಂದೆ ಅದರೊಡನೆ ಒಂದೇ ಕೆನರಾ ಜಿಲ್ಲೆಯಲ್ಲಿದ್ದ ಕಾಸರಗೋಡು ಮದರಾಸಿನಲ್ಲೇ ಉಳಿಯಿತು.

1864ರಲ್ಲಿ ಕಾರವಾರದೆದುರಿನ ದ್ವೀಪದಲ್ಲಿ ದೀಪಸ್ತಂಭ ಎದ್ದಿತು. 1865ರಲ್ಲಿ ಯುದ್ಧ ಮುಗಿದು ಹತ್ತಿಯ ಬೆಲೆ ಕುಸಿಯಿತು. ಯೋಚಿಸಿದ್ದ ರೈಲು ಬರಲಿಲ್ಲ. 1880ರ ದಶಕದಲ್ಲಿ ಗೋವೆಯ ಮಾರ್ಮಗೋವಾಕ್ಕೆ ರೈಲು ಹೋಯಿತು. ದೊಡ್ಡ ಬಂದರಿನ ಕನಸು ಸೊರಗಿತು. ಅದಕ್ಕಾಗಿ ಎಳೆದ ಗೆರೆ ಮಾತ್ರ ತೊಂಬತ್ತಕ್ಕೂ ಹೆಚ್ಚು ವರ್ಷ ನಿಂತಿತು.

1956ರ ನವೆಂಬರ್ 1ರಂದು ಕಾರವಾರ ಮೈಸೂರು ರಾಜ್ಯಕ್ಕೆ, ಕಾಸರಗೋಡು ಕೇರಳಕ್ಕೆ ಸೇರಿದವು. ಅದೇ ದಿನ ಗುಲ್ಬರ್ಗಾ ಜಿಲ್ಲೆಯ ತಾಂಡೂರು, ಕೊಡಂಗಲ್ ತಾಲ್ಲೂಕುಗಳೂ, ಬೀದರ ಜಿಲ್ಲೆಯ ನಾರಾಯಣಖೇಡ ತಾಲ್ಲೂಕೂ, ನಿರ್ಣಾ ಭಾಗವನ್ನು ಬಿಟ್ಟು ಜಹೀರಾಬಾದ ತಾಲ್ಲೂಕೂ ಆಂಧ್ರಪ್ರದೇಶದ ಪಾಲಾದವು. 2014ರಿಂದ ನಾವು ತೆಲಂಗಾಣದವರು.

1862ರ ಗೆರೆಗೆ ಕಾರಣ ಹತ್ತಿ. 1956ರ ಗೆರೆಗೆ ಕಾರಣ ಭಾಷೆ. ಮೊದಲನೆಯದನ್ನು ಎಳೆದವರು ಜನರ ಮಾತನ್ನು ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ. ಎರಡನೆಯವರು ತೆಗೆದುಕೊಂಡರು, ಆದರೂ ಎರಡು ಮೂರು ಭಾಷೆ ಒಟ್ಟಿಗೆ ಬಾಳುವ ನಮ್ಮಂಥ ಊರುಗಳಲ್ಲಿ ಯಾವ ಗೆರೆ ಎಳೆದರೂ ಕೆಲವು ಮನೆಗಳು ಆಚೆಗೇ ಉಳಿಯುತ್ತವೆ. ಕಾಸರಗೋಡಿನ ಓದುಗರಿಗೆ ಇದನ್ನು ನಾನು ವಿವರಿಸಬೇಕಿಲ್ಲ.

ಬಂದರಿನ ಚಿತ್ರಗಳನ್ನು ಸಂಗ್ರಹಾಲಯಗಳು ಜೋಪಾನ ಮಾಡುತ್ತವೆ. ನಮ್ಮ ಮನೆಗಳ ಕಾಗದಗಳನ್ನು ನಾವೇ ಜೋಪಾನ ಮಾಡಬೇಕು. ‘ಜಿಲ್ಲಾ ಗುಲ್ಬರ್ಗಾ’, ‘ಜಿಲ್ಲಾ ಬೀದರ’ ಎಂದಿರುವ ಉರ್ದು ದಸ್ತಾವೇಜು, ಅಜ್ಜನ ಕನ್ನಡ ಲೆಕ್ಕದ ಪುಸ್ತಕ ಅಟ್ಟದಲ್ಲಿದ್ದರೆ ರದ್ದಿಗೆ ಹಾಕಬೇಡಿ. ಓದಲು ಬಲ್ಲ ಹಿರಿಯರು ಇರುವಾಗಲೇ ಮಕ್ಕಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಓದಿಸಿ, ಬರೆದಿಡಿ.