ಕೆರೆಯ ಮೀನಿಗೆ ಜೋಡಿ ಹುಡುಕಿದವರು

ಹೆಬ್ಬಾಳ, ಯಲಹಂಕಗಳ ಮೀನಂಗಡಿಗಳಲ್ಲಿ ಕಾಟ್ಲಾ, ರೋಹು ಎಂಬ ಹೆಸರುಗಳು ನಮಗೆ ಚಿರಪರಿಚಿತ. ಆದರೆ ಇವು ನಮ್ಮ ಕೆರೆಗಳ ಮೂಲ ನಿವಾಸಿಗಳಲ್ಲ. ಗಂಗೆಯಂತಹ ಮಹಾನದಿಗಳ ಗೆಂಡೆ ಮೀನುಗಳು. ಮುಂಗಾರಿನ ನೆರೆ ದಡ ಮೀರಿ ಹರಡಿದಾಗ ಮೊಟ್ಟೆಯಿಡುವುದು ಇವುಗಳ ರೂಢಿ. ನಿಂತ ನೀರಿನ ಕೆರೆಯಲ್ಲಿ ಎಷ್ಟೇ ಕೊಬ್ಬಿ ಬೆಳೆದರೂ ಇವು ಸಾಮಾನ್ಯವಾಗಿ ಮರಿ ಮಾಡುವುದಿಲ್ಲ. ಆದ್ದರಿಂದ ಹಿಂದೆ ನದಿಯಲ್ಲಿ ಹಿಡಿದ ಮರಿಗಳನ್ನೇ ಕೆರೆಗೆ ತಂದು ಬಿಡಬೇಕಾಗಿತ್ತು.

1957ರ ಜುಲೈ 10ರಂದು ಈ ಸ್ಥಿತಿ ಬದಲಾಯಿತು. ಒರಿಸ್ಸಾದ ಅಂಗುಲ್‌ನಲ್ಲಿ ಹೀರಾಲಾಲ್ ಚೌಧುರಿ ಮತ್ತು ಅವರ ಸಂಗಡಿಗರು ಪಿಟ್ಯುಟರಿ ಗ್ರಂಥಿಯ ಸಾರವನ್ನು ಚುಚ್ಚಿ ಗೆಂಡೆ ಮೀನುಗಳಿಂದ ಮೊಟ್ಟೆಯಿಡಿಸಿದರು. ಮೀನುಮರಿಗಾಗಿ ನದಿಯ ದಾರಿ ಕಾಯುವುದು ತಪ್ಪಿತು. ಇದರ ಜೊತೆಗೆ ಇನ್ನೊಂದು ಅಧಿಕಾರವೂ ಮನುಷ್ಯನ ಕೈಗೆ ಬಂದಿತು, ಅದನ್ನು ಆಗ ಗಮನಿಸಿದವರು ಕಡಿಮೆ. ಯಾವ ಹೆಣ್ಣಿಗೆ ಯಾವ ಗಂಡು ಎಂಬುದನ್ನು ಇನ್ನು ಮುಂದೆ ಮರಿ ಉತ್ಪಾದನಾ ಕೇಂದ್ರದವರೇ ತೀರ್ಮಾನಿಸಬೇಕಾಯಿತು.

ನದಿಯಲ್ಲಿ ಗಂಡುಗಳು ಹೆಣ್ಣನ್ನು ಅಟ್ಟಿಸಿಕೊಂಡು ಹೋಗುತ್ತವೆ. ಮೊಟ್ಟೆ ಫಲಿಸುವುದು ಹೊರಗೆ, ನೀರಿನಲ್ಲಿ. ಅಲ್ಲಿ ಮಿಶ್ರತಳಿ ಅಪರೂಪ. ಬಲೆಬಟ್ಟೆಯ ಹಾಪಾದಲ್ಲೋ ಸಿಮೆಂಟಿನ ತೊಟ್ಟಿಯಲ್ಲೋ ಎರಡು ಜಾತಿಗಳನ್ನು ಒಟ್ಟಿಗೆ ಬಿಟ್ಟರೆ ಈ ಅಂತರ ಉಳಿಯುವುದಿಲ್ಲ. ಕಾಟ್ಲಾ ಮತ್ತು ರೋಹುಗಳ ಮಿಶ್ರತಳಿಯನ್ನು ವಿಜ್ಞಾನಿಗಳು ಬೇಕೆಂದೇ ಸೃಷ್ಟಿಸಿದ್ದುಂಟು: ತಲೆ ಕಾಟ್ಲಾದ್ದಕ್ಕಿಂತ ಚಿಕ್ಕದು, ಬೆಳವಣಿಗೆ ರೋಹುವಿಗಿಂತ ಚುರುಕು. ಆದರೆ ಇದು ಹೇಸರಗತ್ತೆಯಂತೆ ಬಂಜೆಯಲ್ಲ. ಗುರುತಿಸದೆ ತಾಯಿಮೀನುಗಳ ನಡುವೆ ಉಳಿದರೆ ಮುಂದಿನ ಪೀಳಿಗೆಗಳೂ ಬೆರೆಯುತ್ತವೆ. ಕಾಟ್ಲಾ ಮೇಲ್ನೀರಿನಲ್ಲಿ ಮೇಯುವುದು, ರೋಹು ನಡುನೀರಿನಲ್ಲಿ. ಒಂದೇ ಕೊಳದಲ್ಲಿ ಎರಡನ್ನೂ ಸಾಕುವ ಲೆಕ್ಕಾಚಾರ ನಿಂತಿರುವುದೇ ಈ ಭೇದದ ಮೇಲೆ. ನಡುಗುಣದ ಮೀನು ಸೇರಿಕೊಂಡರೆ ರೈತನ ಲೆಕ್ಕ ತಪ್ಪುತ್ತದೆ.

ಬೆರಕೆಯೊಂದೇ ಅಪಾಯವಲ್ಲ. ಕರ್ನಾಟಕದ ಮರಿ ಉತ್ಪಾದನಾ ಕೇಂದ್ರಗಳನ್ನು ಅಧ್ಯಯನ ಮಾಡಿದ ಏಕನಾಥ್ ಮತ್ತು ಡಾಯ್ಲ್ 1990ರಲ್ಲಿ ಎಚ್ಚರಿಸಿದ್ದು ಇದಕ್ಕೆ ವಿರುದ್ಧವಾದ ದೋಷವನ್ನು: ಕೆಲವೇ ತಾಯಿತಂದೆಗಳಿಂದ ಮತ್ತೆ ಮತ್ತೆ ಮರಿ ತೆಗೆಯುವುದರಿಂದ ಉಂಟಾಗುವ ಒಳಸಂಬಂಧ.

ಸಾಮಾನ್ಯ ಗೆಂಡೆಯ ಕಥೆಯೇ ಬೇರೆ. ಹೊರದೇಶದಿಂದ ಬಂದ ಈ ಮೀನು ನಿಂತ ನೀರಿನಲ್ಲೇ ತನ್ನ ಜೋಡಿಯನ್ನು ತಾನೇ ಹುಡುಕಿಕೊಂಡು, ಜಲಸಸ್ಯಗಳಿಗೆ ಮೊಟ್ಟೆ ಅಂಟಿಸುತ್ತದೆ. ಬಹಳ ಬೇಗ ಪ್ರೌಢವಾಗುವುದರಿಂದ ಕೊಳದ ತುಂಬ ಕಿರುಮೀನು! ಯಲಹಂಕಕ್ಕೆ ಪಶ್ಚಿಮದಲ್ಲಿರುವ ಹೆಸರಘಟ್ಟದ ಮೀನುಗಾರಿಕೆ ಸಂಶೋಧನಾ ಕೇಂದ್ರದಲ್ಲಿ ಕೃಷಿ ವಿಶ್ವವಿದ್ಯಾನಿಲಯದ ವಿಜ್ಞಾನಿಗಳು ಹಿಡಿದದ್ದು ಇದೇ ಸಮಸ್ಯೆಯನ್ನು. ಹಂಗೇರಿಯಿಂದ ಬಂದ ಅಮೂರ್ ತಳಿಯನ್ನು ಸ್ಥಳೀಯ ತಳಿಯೊಡನೆ ಹೋಲಿಸಿದಾಗ, ಅಮೂರ್ ಹೆಚ್ಚು ವೇಗವಾಗಿ ಬೆಳೆಯಿತು.

ಮೀನಿನ ಆಯ್ಕೆ ಕೆಡಲು ಮನುಷ್ಯ ಚುಚ್ಚುಮದ್ದು ಹಿಡಿಯಬೇಕಾಗಿಲ್ಲ. ಆಫ್ರಿಕಾದ ವಿಕ್ಟೋರಿಯಾ ಸರೋವರದಲ್ಲಿ ಸಿಕ್ಲಿಡ್ ಹೆಣ್ಣುಗಳು ಗಂಡನ್ನು ಬಣ್ಣ ನೋಡಿ ಆರಿಸುತ್ತವೆ. ನೀರು ಕಲಕಿದ ಕಡೆ ಬಣ್ಣ ಕಾಣದೆ ಜಾತಿಭೇದ ಅಳಿಸುತ್ತಿದೆಯೆಂದು ಸೀಹೌಸೆನ್ ಮತ್ತು ಸಂಗಡಿಗರು 1997ರಲ್ಲಿ ತೋರಿಸಿದರು. ಅದೇ ವರ್ಷ ಭಾರತದಲ್ಲಿ ‘ಜಯಂತಿ’ ರೋಹು ಬಿಡುಗಡೆಯಾಯಿತು. ಭುವನೇಶ್ವರದ ಸಿಹಿನೀರು ಜಲಕೃಷಿ ಸಂಸ್ಥೆ ಅದಕ್ಕಾಗಿ ಬೇರೆ ಜಾತಿಯನ್ನು ಬೆರೆಸಲಿಲ್ಲ. ಗಂಗೆ, ಯಮುನೆ, ಸಟ್ಲೆಜ್, ಬ್ರಹ್ಮಪುತ್ರಾದಂತಹ ನದಿಗಳಿಂದ ರೋಹುವನ್ನೇ ತಂದು ಪರಸ್ಪರ ಕೂಡಿಸಿತು.