ಅಮೆರಿಕದ ನ್ಯಾಷನಲ್ ಬ್ಯಾಂಕ್ ನೋಟುಗಳು

ಅಮೆರಿಕದಲ್ಲಿ 1863ರಿಂದ 1935ರವರೆಗೆ ಸ್ಥಳೀಯ ಬ್ಯಾಂಕುಗಳ ಹೆಸರು ಹೊತ್ತು ಚಲಾವಣೆಗೆ ಬಂದ ಕಾಗದದ ಹಣ. ‘ನ್ಯಾಷನಲ್’ ಎಂದೊಡನೆ ನಮ್ಮ ರಾಷ್ಟ್ರೀಕೃತ ಬ್ಯಾಂಕು ನೆನಪಾಗುವುದು ಸಹಜ; ಇವು ಹಾಗಲ್ಲ. ಒಕ್ಕೂಟ ಸರ್ಕಾರದ ಸನ್ನದು ಪಡೆದ ಖಾಸಗಿ ಬ್ಯಾಂಕುಗಳು.

ಅಂತರ್ಯುದ್ಧದ ಖರ್ಚಿಗಾಗಿ ಸರ್ಕಾರಿ ಸಾಲಪತ್ರಗಳು ಬಿಕರಿಯಾಗಬೇಕಿತ್ತು. ರಾಜ್ಯ ಬ್ಯಾಂಕುಗಳ ಬಗೆಬಗೆಯ ನೋಟುಗಳ ಗೊಂದಲವೂ ತೀರಬೇಕಿತ್ತು. 1863ರ ಫೆಬ್ರವರಿ 25ರ ಕಾಯ್ದೆ ಎರಡಕ್ಕೂ ದಾರಿ ಮಾಡಿತು. ಬ್ಯಾಂಕು ಸಾಲಪತ್ರ ಕೊಂಡು ಖಜಾನೆಯಲ್ಲಿಟ್ಟರೆ ಅದರ ಮೌಲ್ಯದ ಶೇ. 90ರಷ್ಟು ನೋಟು ಸಿಗುತ್ತಿತ್ತು. 1900ರ ನಂತರ ಪೂರ್ತಿ. ರಾಜ್ಯ ಬ್ಯಾಂಕುಗಳ ನೋಟಿನ ಮೇಲೆ ಹೇರಿದ ಶೇ. 10ರ ತೆರಿಗೆ ಪೈಪೋಟಿಯನ್ನು ಮುಗಿಸಿತು.

ನೋಟುಗಳು ಊರಿನ ಬ್ಯಾಂಕಿಗೆ ಹಾಳೆಹಾಳೆಯಾಗಿ ಬರುತ್ತಿದ್ದವು. ಅಧ್ಯಕ್ಷರೂ ಕ್ಯಾಷಿಯರೂ ಸಹಿ ಹಾಕಿ, ಕತ್ತರಿಸಿ ಹೊರಬಿಡುತ್ತಿದ್ದರು. ಹಳೆಯ ನೋಟಿನ ಅಂಚು ಸೊಟ್ಟಗಿದ್ದರೆ ಅನುಮಾನ ಬೇಡ, ಅದು ಕತ್ತರಿ ಹಿಡಿದ ಕೈಯ ಗುರುತು. ಮೊದಲ ಸರಣಿಯ ಎರಡು ಡಾಲರಿನ ನೋಟಿನಲ್ಲಿ 2 ಅಂಕಿ ಅಡ್ಡಡ್ಡ ಮಲಗಿದೆ. ಸಂಗ್ರಾಹಕರು ಇದನ್ನು ‘ಲೇಜಿ ಡ್ಯೂಸ್’ ಎನ್ನುತ್ತಾರೆ, ಎಂದರೆ ಸೋಮಾರಿ ಎರಡು.

ಗುರುತಿಸಲು ಮುಖ್ಯ ಆಧಾರ ಸನ್ನದು ಸಂಖ್ಯೆ. ಒಂದನೆಯದು ಫಿಲಡೆಲ್ಫಿಯದ ಫಸ್ಟ್ ನ್ಯಾಷನಲ್ ಬ್ಯಾಂಕಿನದು. ಕೊನೆಗೆ ಲೆಕ್ಕ 14,000 ದಾಟಿತು. 1929ರ ಸರಣಿಯಲ್ಲಿ ನೋಟಿನ ಗಾತ್ರ ಚಿಕ್ಕದಾಗಿ ಕಂದು ಮುದ್ರೆ ಬಂತು. ಸನ್ನದು ಸಂಖ್ಯೆ ಎರಡು ಸಲ ಇದ್ದರೆ ಮೊದಲ ಬಗೆ, ನಾಲ್ಕು ಸಲ ಇದ್ದರೆ ಎರಡನೆಯದು. ಹೊಸಬರು ಎಡವುವುದು ಇಲ್ಲಿಯೇ: ಫೆಡರಲ್ ರಿಸರ್ವ್ ಬ್ಯಾಂಕ್ ನೋಟುಗಳಲ್ಲಿಯೂ ಅದೇ ಕಂದು ಮುದ್ರೆ, ಅದೇ ‘ನ್ಯಾಷನಲ್ ಕರೆನ್ಸಿ’ ಶೀರ್ಷಿಕೆ ಇವೆ. ಆದರೆ ಸನ್ನದು ಸಂಖ್ಯೆಯ ಜಾಗದಲ್ಲಿ ಒಂದು ಅಕ್ಷರವಿರುತ್ತದೆ.

ಬೆಲೆ ಕಟ್ಟುವಾಗ ವಯಸ್ಸಿಗಿಂತ ಊರಿನ ಹೆಸರೇ ಹೆಚ್ಚು ತೂಗುತ್ತದೆ. ನ್ಯೂಯಾರ್ಕಿನ ದೊಡ್ಡ ಬ್ಯಾಂಕಿನ ನೋಟು ಸುಲಭವಾಗಿ ಸಿಗುತ್ತದೆ. ಸಣ್ಣ ಊರಿನ ಬ್ಯಾಂಕು ಹೊರತಂದದ್ದೇ ಅಲ್ಪ, ಉಳಿದಿರುವುದು ಬೆರಳೆಣಿಕೆ. ಡಕೋಟ, ಅರಿಜೋನ ಇನ್ನೂ ರಾಜ್ಯಗಳಾಗದ ಕಾಲದ ‘ಟೆರಿಟರಿ’ ನೋಟುಗಳಿಗೆ ಬೇಡಿಕೆ ಬಲು ಜೋರು. ಆಮೇಲೆ ನೋಡಬೇಕಾದದ್ದು ಸ್ಥಿತಿ: ಮಡಿಕೆ, ಸೂಜಿತೂತು, ಮಾಸಿದ ಸಹಿ. ತೊಳೆದು ಇಸ್ತ್ರಿ ಮಾಡಿದ ನೋಟು ಹೊಳೆಯುತ್ತದೆ ನಿಜ, ಬೆಲೆ ಇಳಿಯುತ್ತದೆ.

ಆಧಾರವಾಗಿದ್ದ ಸಾಲಪತ್ರಗಳನ್ನು ಸರ್ಕಾರ 1935ರಲ್ಲಿ ತೀರಿಸಿದ್ದರಿಂದ ಈ ನೋಟುಗಳ ಬಿಡುಗಡೆ ನಿಂತಿತು. ಚಲಾವಣೆಯ ಮಾನ್ಯತೆ ಇಂದಿಗೂ ಇದೆ; ಆದರೆ ಬ್ಯಾಂಕಿಗೆ ಕಟ್ಟಿದರೆ ಐದು ಡಾಲರಿನ ನೋಟಿಗೆ ಸಿಗುವುದು ಐದೇ ಡಾಲರು.